ಎರಡು ಸೀಲ್ ಬದಲು ಒಂದೇ ಸೀಲ್ ಹಾಕಿದರೆ ಪೇಟೆಂಟ್ ತಪ್ಪಿಸಬಹುದಾ?

ಪೀಣ್ಯ ಡಿಸೈನರ್:
ಫೆಸ್ಟೋ, ಎಸ್‌ಎಂಸಿ ಎಂಬ ಎರಡು ಕಂಪನಿಗಳ ನಡುವೆ ಅಮೆರಿಕದಲ್ಲಿ ನಡೆದ ಪೇಟೆಂಟ್ ಕೇಸ್ ಓದುತ್ತಿದ್ದೇನೆ, ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ರಾಡ್‌ಲೆಸ್ ಸಿಲಿಂಡರ್ ಅದು. ಗಾಳಿಯ ಒತ್ತಡಕ್ಕೆ ಪಿಸ್ಟನ್ ಕೊಳವೆಯೊಳಗೆ ಓಡುತ್ತದೆ, ಅದರ ಮ್ಯಾಗ್ನೆಟ್, ಒಳಗೆ ಮ್ಯಾಗ್ನೆಟ್ ಕೂರಿಸಿದ ಹೊರಗಿನ ಸ್ಲೀವನ್ನು (ಕವಚವನ್ನು) ಜೊತೆಗೇ ಎಳೆದುಕೊಂಡು ಹೋಗುತ್ತದೆ. ಫೆಸ್ಟೋ ಪೇಟೆಂಟ್‌ನಲ್ಲಿ ಎರಡು ಸೀಲಿಂಗ್ ರಿಂಗ್ (ಸಂದು ಮುಚ್ಚುವ ಬಳೆ), ಸ್ಲೀವ್ ಮ್ಯಾಗ್ನೆಟ್‌ಗೆ ಅಂಟುವ ಲೋಹದ್ದು. ಎಸ್‌ಎಂಸಿ ಒಂದೇ ರಿಂಗ್‌ಗೆ ಎರಡೂ ಕಡೆ ಲಿಪ್ ಕೊಟ್ಟು, ಸ್ಲೀವನ್ನು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಮಾಡಿತು. ಕೆಲಸ ಅದೇ ಅಲ್ವಾ? ಮತ್ತೆ ಎಸ್‌ಎಂಸಿ ಗೆದ್ದದ್ದು ಹೇಗೆ?

ಪೇಟೆಂಟ್ ಏಜೆಂಟ್:
ಕೆಲಸ ಅದೇ ಆದರೆ ಪದ ಬೇರೆಯಾದರೂ ಉಲ್ಲಂಘನೆ ಅನ್ನಬಹುದು, ಅಲ್ಲಿನ ಕೋರ್ಟುಗಳು ಅದನ್ನು ಒಪ್ಪುತ್ತವೆ. ತೊಡಕು ಇರುವುದು ಬೇರೆ ಕಡೆ. ಆ ಎರಡು ರಿಂಗ್, ಆ ಲೋಹದ ಸ್ಲೀವ್ ಎಂಬ ಮಾತು ಮೊದಲ ಅರ್ಜಿಯ ಮುಖ್ಯ ಕ್ಲೇಮ್‌ನಲ್ಲಿ (ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯದಲ್ಲಿ) ಇರಲಿಲ್ಲ, ಪೇಟೆಂಟ್ ಆಫೀಸಿನ ಮುಂದೆ ತಿದ್ದಿದಾಗ ಸೇರಿದ್ದು. 2000ರಲ್ಲಿ ಫೆಡರಲ್ ಸರ್ಕ್ಯೂಟ್ (ಅಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಕೋರ್ಟ್), ತಿದ್ದಿದ ಭಾಗಕ್ಕೆ ಈ ಸಮಾನತೆಯ ವಾದವೇ ಇಲ್ಲ ಎಂದಿತು. 2002ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ, ಅಷ್ಟು ಬಿಗಿ ಬೇಡ ಎಂದು ಅದನ್ನು ಬದಿಗಿಟ್ಟಿತು. ಆದರೆ ತಿದ್ದುವಾಗ ಆ ಬದಲಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಎಂದು ತೋರಿಸುವ ಹೊರೆ ಪೇಟೆಂಟ್‌ದಾರನ ಮೇಲೇ. ತಿದ್ದುವಾಗ ಆ ಬದಲಿ ಊಹಿಸಲಾಗದ್ದು ಎನ್ನುವುದು ಒಂದು ದಾರಿ. ಅಂದಹಾಗೆ ನೀವು ರಿಂಗ್ ಹಿಡಿದುಕೊಂಡಿದ್ದೀರಿ, ಕೊನೆಗೆ ಕೇಸ್ ಮುಗಿದದ್ದು ಸ್ಲೀವ್ ಮೇಲೆ! ಅಲ್ಯುಮಿನಿಯಂ ಆಗಲೇ ಊಹಿಸಬಹುದಾಗಿತ್ತು ಎಂದು 2007ರಲ್ಲಿ ತೀರ್ಪು ಬಂತು. ಕೇಸ್ ಹಾಕಿದ್ದು 1988ರಲ್ಲಿ.

ವಾಲ್ವ್ ಶಾಪ್:
ನಮಗೂ ಹೀಗೇ ಆಯಿತು, ಇಲ್ಲೇ. ಫ್ಲೋ ಕಂಟ್ರೋಲ್ ವಾಲ್ವ್‌ನ ಪಿಸ್ಟನ್‌ಗೆ ಅರ್ಜಿ ಹಾಕಿದ್ದೆವು. ಪೇಟೆಂಟ್ ಆಫೀಸಿನ ಪರೀಕ್ಷಾ ವರದಿ ಬಂದಾಗ ಬೇಗ ಮುಗಿಯಲಿ ಅಂತ "ಎರಡು ಓ-ರಿಂಗ್" ಎಂದು ಕ್ಲೇಮ್‌ಗೆ ಸೇರಿಸಿ ಕಳಿಸಿಬಿಟ್ಟೆವು. ಎರಡೇ ವರ್ಷಕ್ಕೆ ಒಂದೇ ಎಕ್ಸ್-ರಿಂಗ್ (ಅಡ್ಡ ಕತ್ತರಿಸಿದರೆ ಎಕ್ಸ್ ಆಕಾರ ಕಾಣುವ ಸೀಲ್) ಹಾಕಿದ ಪಿಸ್ಟನ್ ಮಾರ್ಕೆಟ್‌ಗೆ ಬಂತು. ಬಿಚ್ಚಿ ಟೇಬಲ್ ಮೇಲಿಟ್ಟು ವರ್ನಿಯರ್ ಹಿಡಿದೆ, ಗ್ರೂವ್ ಬಿಟ್ಟರೆ ಉಳಿದ ಅಳತೆ ಎಲ್ಲ ನಮ್ಮದೇ. ಹೊಟ್ಟೆ ಉರಿಯಿತು. ಕ್ಲೇಮ್ ಮತ್ತೆ ಅಗಲ ಮಾಡೋಣ ಅಂದರೆ ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 59 ಬಿಡುವುದಿಲ್ಲ.

ಪೇಟೆಂಟ್ ಏಜೆಂಟ್:
ಅದಕ್ಕೇ ನಾನು ಮೊದಲ ದಿನವೇ "ಕನಿಷ್ಠ ಒಂದು ಸೀಲ್" ಎಂದು ಬರೆಸುತ್ತೇನೆ. ಎರಡು ಸೀಲ್, ಎಕ್ಸ್-ರಿಂಗ್, ಲಿಪ್ ಸೀಲ್ ಎಲ್ಲವನ್ನೂ ವಿವರಣೆಯಲ್ಲಿ ಚಿತ್ರದ ಸಮೇತ ಹಾಕಿಸುತ್ತೇನೆ. ಆಮೇಲೆ ಕ್ಲೇಮ್ ಇಕ್ಕಟ್ಟು ಮಾಡಬೇಕಾಗಿ ಬಂದರೂ ಎಷ್ಟು ಬೇಕೋ ಅಷ್ಟೇ ಮಾಡಬಹುದು.

ಪೀಣ್ಯ ಡಿಸೈನರ್:
ತುಂಬಾ ಥ್ಯಾಂಕ್ಸ್ ಸರ್. ನಮ್ಮ ಡ್ರಾಫ್ಟ್‌ನಲ್ಲಿ "ಉಕ್ಕಿನ ಸ್ಲೀವ್" ಅಂತಲೇ ಇದೆ. ಫೈಲ್ ಮಾಡಲು ಇನ್ನೂ ಹತ್ತು ದಿನ ಇದೆ, ನಾಳೆಯೇ ಕೂತು ತಿದ್ದಿಸುತ್ತೇನೆ.