ಭೀಮಾ ನದಿಯಲ್ಲಿ ನಾಲ್ಕು ಮೈಲಿಗೆ ಮೀನು ಬದಲಾಗುವುದು ಯಾಕೆ?

ಪ್ರಶ್ನೆ (ಅಫಜಲಪುರ): ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಿ ಬಲೆ ಹಾಕಿದರೆ ಕಾಟ್ಲಾ, ರೋಹು, ಜಿಲೇಬಿ ಮೀನು (ತಿಲಾಪಿಯಾ), ಇಷ್ಟೇ. ಕೆಳಗಡೆ ಬಂಡೆಗಳ ನಡುವೆ ಹೋದರೆ ಹಾವುಮೀನು, ಗಿರ್ಲು ಸಿಗುತ್ತವೆ. ನೀರು ಒಂದೇ ಅಲ್ವಾ? ತಿಳಿದವರು ಹೇಳಿ.

ಉತ್ತರ (ಯಾದಗಿರಿ): ಕಾಟ್ಲಾ, ರೋಹು ಭೀಮಾದವಲ್ಲ ಸರ್. ಗಂಗಾ ನದಿ ಕಡೆಯವು, ಮರಿ ತಂದು ಬಿಟ್ಟಿದ್ದು. ಜಿಲೇಬಿ ಆಫ್ರಿಕಾದ್ದು, 1952ರಲ್ಲಿ ದೇಶಕ್ಕೆ ಬಂತು.

ಉತ್ತರ (ಶಹಾಬಾದ್): ನೀರು ಒಂದೇ ಅಲ್ಲ ಅಣ್ಣ. ಓಡುವ ನೀರು ಬೇರೆ, ನಿಂತ ನೀರು ಬೇರೆ. ನಮ್ಮದು ಅಂಬಿಗರ ಮನೆ, ಅಜ್ಜನ ಕಾಲದಿಂದ ಹರಿಗೋಲು, ಬಲೆ.

ಬಂಡೆಗೆ ಅಂಟಿಕೊಳ್ಳುವ ಸಣ್ಣ ಮೀನೊಂದಿದೆ, ಗಾರ್ರಾ ಅಂತ. ಸಿಕ್ಕರೆ ಅಂಗೈ ಮೇಲೆ ಮಗುಚಿ ನೋಡಿ. ಬಾಯಿಯ ಹಿಂದೆ, ಗದ್ದದ ಕೆಳಗೆ ದುಂಡಗೆ ಬಿಲ್ಲೆಯಂಥದ್ದು ಇರುತ್ತೆ. ಅದನ್ನು ಕಲ್ಲಿಗೆ ಒತ್ತಿ ಹಿಡಿದು ಎಂಥ ಸೆಳೆತದಲ್ಲೂ ನಿಲ್ಲುತ್ತೆ, ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತೆ. ಗೇಟು ಹಾಕಿ ನೀರು ನಿಲ್ಲಿಸಿದರೆ ಕಲ್ಲಿನ ಮೇಲೆ ಕೆಸರು ಕೂರುತ್ತೆ. ಬೆಳಕಿಲ್ಲದೆ ಪಾಚಿ ಹೋಯಿತು, ಮೀನೂ ಹೋಯಿತು. ಹಾವುಮೀನಿಗೆ ಕಲ್ಲಿನ ಸಂದು, ಮರಳು ಎರಡೂ ಬೇಕು. ಮರಳು ಎತ್ತಿದ ಕಡೆ ಅದೂ ಕಡಿಮೆ. ಕಾಟ್ಲಾದ ಬಾಯಿ ಮೇಲ್ಮುಖ, ನೀರಿನ ಮೇಲ್ಪದರದ ಸಣ್ಣ ಜೀವಿಗಳೇ ಅದರ ಊಟ. ನಿಂತ ನೀರಿನಲ್ಲಿ ಅವು ಜಾಸ್ತಿ, ಅದಕ್ಕೇ ಹಿನ್ನೀರಿನಲ್ಲಿ ಕೊಬ್ಬುತ್ತೆ. ಬಾಳೆಮೀನು ಆಳದ ಮಡುವಿನದು, ಬೇರೆ ಮೀನು ತಿಂದು ಆಳೆತ್ತರದವರೆಗೂ ಬೆಳೆಯುತ್ತೆ.

ನನಗೆ ನಿಜವಾಗಿ ಸಂಕಟ ಆಗುವುದು ಮುಂಗಾರಿನಲ್ಲಿ. ಮೊದಲ ಕೆಂಪು ನೀರು ಬಂದಾಗ ಎಷ್ಟೋ ಮೀನು ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತವೆ. ಬ್ಯಾರೇಜು ಅಡ್ಡ ಬಂದರೆ ಅದರ ಬುಡದಲ್ಲೇ ಗುಂಪುಗೂಡುತ್ತವೆ. ಜನ ಅಲ್ಲೇ ಬಲೆ ಬಿಡುತ್ತಾರೆ! ಒಂದೊಂದು ಮೀನಿನ ಹೊಟ್ಟೆ ಒತ್ತಿದರೆ ಮೊಟ್ಟೆ ಸುರಿಯುತ್ತೆ. ಹಾಗೆ ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತೆ?

ಪ್ರಶ್ನೆ ಕೇಳಿದವರು: ಹಾಗಾದರೆ ಮಳೆಗಾಲದಲ್ಲಿ ನಾವೇನು ಮಾಡಬೇಕು ಅಣ್ಣ?

ಶಹಾಬಾದ್: ಜೂನ್, ಜುಲೈನಲ್ಲಿ ಬ್ಯಾರೇಜಿನ ಬುಡಕ್ಕೆ ಹೋಗಲೇಬೇಡಿ. ಹಳ್ಳ ಬಂದು ಸೇರುವ ಬಾಯಿಗೂ ಬಲೆ ಕಟ್ಟಬೇಡಿ. ಸಣ್ಣ ಕಣ್ಣಿನ ಬಲೆ ವರ್ಷವಿಡೀ ಬೇಡ. ಹೊಟ್ಟೆಪಾಡಿಗೆ ಹಿನ್ನೀರಿನ ಕಾಟ್ಲಾ, ಜಿಲೇಬಿ ಹಿಡಿಯಿರಿ.