ವಿಷಯ: ಗ್ರಹಣದ ‘ಬೋ ವೇವ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಪ್ರಿಂಟಿಗೆ)

ಡೊಂಬಿವಲಿಯಿಂದ:
ನಮಸ್ಕಾರ. ಭಾನುವಾರ ನಮ್ಮ ಸಂಘದ ಮಕ್ಕಳ ವಿಜ್ಞಾನ ಪ್ರದರ್ಶನ. ಗ್ರಹಣದ ಫಲಕ ನಾಳೆ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಒಂದು ಪದಕ್ಕೆ ಬಂದು ನಿಂತಿದ್ದೇನೆ.

ಸೂರ್ಯಗ್ರಹಣದಲ್ಲಿ ಚಂದ್ರನ ನೆರಳು ಸದ್ದಿಗಿಂತ ಬೇಗ ಓಡುತ್ತದೆ. 2017ರಲ್ಲಿ ಅಮೆರಿಕವನ್ನು ಗಂಟೆಗೆ 2,000 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ದಾಟಿತು. ನೆರಳು ಹಾಯ್ದಲ್ಲಿ ಗಾಳಿ ತಣಿದು ಅಲೆ ಏಳುತ್ತದೆ. ಆ ಅಲೆಗಳಿಗೆ ನೆರಳಿನಷ್ಟು ಓಡಲು ಆಗುವುದಿಲ್ಲ. ಒತ್ತೊತ್ತಾಗಿ ಸೇರಿ ಎರಡೂ ಪಕ್ಕಕ್ಕೆ ಚಾಚುತ್ತವೆ, ಮೇಲೆ ಅಯಾನುಗೋಳವನ್ನೂ (ಅಯಾನು ಅನ್ನುವ ವಿದ್ಯುತ್ ಕಣಗಳಿರುವ ಗಾಳಿಯ ಮೇಲ್ಪದರ) ಅಲುಗಿಸುತ್ತವೆ. ಇದೇ ‘ಬೋ ವೇವ್’. 1970ರಲ್ಲೇ ಲೆಕ್ಕ ಹಾಕಿ ಹೇಳಿದ್ದು, 2017ರಲ್ಲಿ ಜಿಪಿಎಸ್ ಸಿಗ್ನಲ್‌ಗಳಲ್ಲಿ ಸ್ಪಷ್ಟವಾಗಿ ಕಂಡಿತು. ಇದಕ್ಕೆ ಒಬ್ಬರು ‘ಬಿಲ್ಲಲೆ’ ಅಂತ ಬರೆದುಕೊಟ್ಟಿದ್ದಾರೆ. ಸರಿಯಾ?

ಪುಣೆಯಿಂದ:
ತಪ್ಪು. ಇಂಗ್ಲಿಷಿನ ‘ಬೋ’ಗೆ ಎರಡು ಅರ್ಥ; ಇಲ್ಲಿ ಅದು ಬಿಲ್ಲಲ್ಲ, ದೋಣಿಯ ಮೂತಿ. ಮುಂಬಯಿಯ ಭಾವುಚಾ ಧಕ್ಕಾದಲ್ಲಿ ರೇವಸ್ ಲಾಂಚು ಹತ್ತಿ ಮುಂದೆ ನಿಂತು ನೋಡಿ. ಮೂತಿ ನೀರು ಸೀಳುವಲ್ಲಿ ಬೆಳ್ಳನೆ ನೊರೆ. ಅಲ್ಲಿಂದ ಎರಡು ಗೆರೆ ಹಿಂದಕ್ಕೆ ಅಗಲವಾಗುತ್ತಾ ಹೋಗುತ್ತವೆ. ‘ಮುಂದಲೆ’ ಅನ್ನಿ. ಮುಂದು + ಅಲೆ, ಲೋಪಸಂಧಿ.

ವಾಶಿಯಿಂದ:
ಮುಂದಲೆ ಅಂದರೆ ತಲೆಯ ಮುಂಭಾಗ ಸರ್. ಮುನ್ + ತಲೆ, ಆದೇಶಸಂಧಿ. ಫಲಕಕ್ಕೆ ನಡೆಯದು. ‘ಅಯಾನುಗೋಳ’ವೂ ನನಗೆ ಹಿಡಿಸಲಿಲ್ಲ. ನಮ್ಮ ಮಕ್ಕಳು ಇಲ್ಲಿ ಮರಾಠಿಯಲ್ಲಿ ‘ಆಯನಾಂಬರ’ ಓದುತ್ತಾರೆ, ಅದನ್ನೇ ತಗೊಳ್ಳಿ. ಫ್ಯಾರಡೆ 1834ರಲ್ಲಿ ಬಳಕೆಗೆ ತಂದ ‘ಅಯಾನ್’ ಗ್ರೀಕಿನದು, ‘ಹೋಗುವುದು’ ಅಂತ ಅರ್ಥ. ನಮ್ಮ ಉತ್ತರಾಯಣದ ‘ಅಯನ’ಕ್ಕೂ ಅದೇ ಬೇರು. ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ!

ಪುಣೆಯಿಂದ:
ಬೇರು ಸಂಸ್ಕೃತದ್ದು, ಕನ್ನಡದ್ದಲ್ಲ. ಅದನ್ನೂ ಮರಾಠಿಯಿಂದ ಸಾಲ ತರಬೇಕಾ? ಅಯಾನಿಗೆ ‘ಮಿನ್ಕಣ’, ಆ ಪದರಕ್ಕೆ ‘ಮಿನ್ಕಣದ ಪದರ’ ಅನ್ನಿ, ಮುಗಿಯಿತು.

ವಾಶಿಯಿಂದ:
‘ಮಿನ್ಕಣ’ದ ‘ಕಣ’ ಯಾವ ಭಾಷೆಯದು? ನಮ್ಮ ತುಪ್ಪ ಅವರ ಮನೆಯಲ್ಲಿ ತೂಪ್ ಆಯಿತು. ಅವರೇನೂ ನಾಚಿಕೊಳ್ಳಲಿಲ್ಲ.

ವಾಸ್ಕೊದಿಂದ:
ಮಾರಾಯ್ರೇ, ಅವರಿಗೆ ನಾಳೆ ಪ್ರಿಂಟು! ‘ದೋಣಿಯಲೆ’ ಅಂತ ಹಾಕಿ, ಪಕ್ಕದಲ್ಲಿ ದೋಣಿಯ ಚಿತ್ರ ಕೊಡಿ. ಇನ್ನೊಂದು ಮಾತೂ ಸೇರಿಸಿ. ಬಿಸಿಲು ತಪ್ಪಿದಾಗ ಮೇಲಿನ ಎಲೆಕ್ಟ್ರಾನುಗಳು ಅಯಾನುಗಳ ಜೊತೆ ಮತ್ತೆ ಕೂಡಿಕೊಳ್ಳುತ್ತವೆ. ರೇಡಿಯೊ ಅಲೆಯನ್ನು ಹೀರುವ ಕೆಳಪದರ ತೆಳುವಾಗುತ್ತದೆ. ಅದಕ್ಕೇ ಹಗಲಲ್ಲೂ ರಾತ್ರಿಯ ಹಾಗೆ ದೂರದ ಎಎಂ ಸ್ಟೇಷನ್ ಕೇಳಿಸಬಹುದು. ಇದಕ್ಕೆ ‘ಮರುಕೂಡಿಕೆ’ ಸಾಕು.

ಡೊಂಬಿವಲಿಯಿಂದ:
ದೋಣಿಯಲೆ, ಮರುಕೂಡಿಕೆ ಎರಡೂ ತಗೊಂಡೆ. ತುಂಬ ಉಪಕಾರ. ಅಯಾನುಗೋಳ ಹಾಗೇ ಇರಲಿ.

ವಾಶಿಯಿಂದ:
ಕೆಳಗೆ ಸಣ್ಣ ಅಕ್ಷರದಲ್ಲಾದರೂ ‘ಆಯನಾಂಬರ’ ಹಾಕಿ ಮೇಡಂ. ಮಕ್ಕಳಿಗೆ ಗುರುತು ಸಿಗುತ್ತದೆ.