ಓವರ್‌ಡ್ರೈವ್ ತಗೊಳ್ಳಲಾ, ಡಿಸ್ಟಾರ್ಷನ್ ತಗೊಳ್ಳಲಾ? ಮಿಕ್ಸರ್‌ಗೆ ಹಾಕಿದರೆ ಪೆಡಲ್ ಕಿರುಚುತ್ತಿದೆ

ಬಿಎಚ್‌ರೋಡ್_ಬ್ಲೂಸ್:

ಎಲ್ಲರಿಗೂ ನಮಸ್ಕಾರ, ತುಮಕೂರಿನಿಂದ ಬರೆಯುತ್ತಿದ್ದೇನೆ. ಗಿಟಾರಿನ ಸದ್ದನ್ನು ಒರಟು ಮಾಡುವ ಹೊಸ ಪೆಡಲ್ (ಕಾಲಿನಲ್ಲಿ ಒತ್ತುವ ಡಬ್ಬಿ) ತಗೊಳ್ಳಬೇಕು, ಮೆತ್ತಗೆ ಒರಟು ಮಾಡುವ ಓವರ್‌ಡ್ರೈವಾ, ಗಟ್ಟಿಯಾಗಿ ಮಾಡುವ ಡಿಸ್ಟಾರ್ಷನ್ನಾ ಅಂತ ತಲೆ ಕೆಟ್ಟಿದೆ.

ನನ್ನದು ಸ್ಟ್ರಾಟ್ ಮಾದರಿಯ ಗಿಟಾರ್, ತಂತಿಯ ಕಂಪನ ಹಿಡಿಯುವ ಪಿಕಪ್ ಮೂರೂ ಸಿಂಗಲ್ ಕಾಯಿಲ್. ಮನೆಯಲ್ಲಿ 15 ವ್ಯಾಟ್‌ನ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ ಇದೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಮಿನಿ ಡಿಸ್ಟಾರ್ಷನ್ ಪೆಡಲ್ ಮನೆಯಲ್ಲಿ ಪರವಾಗಿಲ್ಲ ಅನ್ನುವ ಹಾಗೆ ನಡೆಯುತ್ತಿದೆ. ಆದರೆ ಕ್ಯಾತ್ಸಂದ್ರದ ಹತ್ತಿರ ನಾವು ಪ್ರಾಕ್ಟೀಸ್ ಮಾಡುವ ರೂಮಿನಲ್ಲಿ ಗಿಟಾರ್ ಆಂಪ್ ಇಲ್ಲ. ಪೆಡಲ್‌ನಿಂದ ನೇರ ಮಿಕ್ಸರ್‌ಗೆ, ಅಲ್ಲಿಂದ ಪಿಎ (ಹಾಡಿನ ಮೈಕ್‌ಗೂ ಬಳಸುವ ದೊಡ್ಡ) ಸ್ಪೀಕರ್‌ಗೆ. ಅಲ್ಲಿ ಪೆಡಲ್ ಒತ್ತಿದರೆ ಡಬ್ಬಿಯೊಳಗೆ ಜೀರುಂಡೆ ಬಿಟ್ಟ ಹಾಗೆ ಸದ್ದು. ಪೆಡಲ್ ಆಫ್ ಮಾಡಿದರೆ ಉಲ್ಟಾ, ಕ್ಲೀನ್ ಸೌಂಡ್ ಮಂಕಾಗಿಬಿಡುತ್ತದೆ. ಇದರ ಜೊತೆಗೆ ನುಡಿಸದೆ ಸುಮ್ನೆ ನಿಂತರೂ ಗುಂಯ್ ಅನ್ನುವ ಹಮ್, ಅದರ ಮೇಲೆ ಸಣ್ಣಗೆ ಒಂದು ಕೀರಲು ದನಿ.

ಗೆಳೆಯನ ಹಸಿರು ಬಣ್ಣದ ಐಬನೀಜ್ ಟ್ಯೂಬ್ ಸ್ಕ್ರೀಮರ್ ತಂದು ನೋಡಿದೆ. ಎಲ್ಲರೂ ಅದನ್ನು ಅಷ್ಟು ಹೊಗಳುತ್ತಾರೆ, ನನಗೆ ಮನೆಯ ಆಂಪ್‌ನಲ್ಲಿ ತೆಳ್ಳಗೆ, ಮೂಗಿನ ದನಿಯ ಹಾಗೆ ಕೇಳಿಸಿತು. ಬಜೆಟ್ 6 ಸಾವಿರ. ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಒಪ್ಪಿಕೊಂಡಿದ್ದೇವೆ, ಜಾಸ್ತಿ ಸಿನಿಮಾ ಹಾಡುಗಳೇ, ನಡುವೆ ಒಂದೆರಡು ರಾಕ್.

ಶಿರಾಗೇಟ್_ಶ್ರೆಡ್ಡರ್:

ಇಷ್ಟೊಂದು ಯೋಚನೆ ಯಾಕೆ ಗುರು? ಬಾಸ್ ಕಂಪನಿಯ ಎಂಟಿ-2 ತಗೊಳ್ಳಿ, ಮೆಟಲ್ ಝೋನ್. ಗೇನ್ (ಸಿಗ್ನಲ್ ಎಷ್ಟು ಹಿಗ್ಗಬೇಕು ಅನ್ನುವ ನಾಬ್) ಫುಲ್, ಮಿಡ್ (ನಡುವಿನ ಸದ್ದು) ಸೊನ್ನೆ, ಕೆಳಗಿನ ಬೇಸು, ಮೇಲಿನ ಟ್ರೆಬಲ್ಲು ಎರಡೂ ಮೇಲಕ್ಕೆ. ಹಮ್ ನಿಲ್ಲಬೇಕಾದರೆ ಪ್ಲಗ್‌ನ ಮೇಲಿನ ದಪ್ಪ ಪಿನ್ ತೆಗೆದುಬಿಡಿ, ಎಲ್ಲರೂ ಅದನ್ನೇ ಮಾಡುವುದು.

ಬೆಸುಗೆ_ಕಡ್ಡಿ:

ಪೆಡಲ್ ಮಾತು ಆಮೇಲೆ. ಮೊದಲು ಆ ಪಿನ್ ವಿಷಯ. ದಯವಿಟ್ಟು ಅದನ್ನು ಮಾಡಬೇಡಿ.

ಆ ದಪ್ಪ ಪಿನ್ ಅರ್ಥಿಂಗ್. ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ, ಆಂಪ್‌ನ ಬಾಡಿಗೆ ಸೇರಿರುತ್ತವೆ. ಆಂಪ್ ಒಳಗೆ ಫೇಸ್ ವೈರ್ ಎಲ್ಲಾದರೂ ಬಾಡಿಗೆ ತಾಗಿದರೆ ಕರೆಂಟ್ ಆ ಪಿನ್ ಮೂಲಕ ಭೂಮಿಗೆ ಹೋಗಿ ಫ್ಯೂಸ್ ಹಾರಬೇಕು. ಪಿನ್ ಇಲ್ಲ ಅಂದರೆ ದಾರಿ ನೀವೇ. ಕೈ ತಂತಿಯ ಮೇಲೆ, ತುಟಿ ಮೈಕ್ ಮೇಲೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಸ್ಟೇಜ್ ಮೇಲೆಯೇ ತೀರಿಕೊಂಡರು. ನಮ್ಮ ಗಣೇಶನ ಪೆಂಡಾಲ್‌ಗಳಲ್ಲಿ ವೈರು ಎಲ್ಲಿಂದ ಎಳೆದಿರುತ್ತಾರೋ ದೇವರಿಗೇ ಗೊತ್ತು, ಮಳೆ ಬೇರೆ. ಮೈಕ್ ಮುಟ್ಟಿದಾಗ ಜುಮ್ ಅಂದರೆ ಅಲ್ಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಹಮ್ ಇದ್ದರೂ ಪರವಾಗಿಲ್ಲ, ಹಾಡು ಮುಗಿಯುತ್ತದೆ.

ಈಗ ಬಿಎಚ್‌ರೋಡ್ ಅವರೇ, ಪೆಡಲ್ ಹೆಸರು ಹೇಳುವ ಮೊದಲು ನಾಲ್ಕು ವಿಷಯ ನೋಡಿ ಹೇಳಿ. ಪೆಡಲ್‌ಗೆ ಯಾವ ಅಡಾಪ್ಟರ್ ಹಾಕುತ್ತಿದ್ದೀರಿ, ಅದರ ಮೇಲೆ ಏನು ಬರೆದಿದೆ? ತಂತಿಯ ಮೇಲೆ ಕೈ ಇಟ್ಟರೆ ಸದ್ದು ಕಡಿಮೆಯಾಗುತ್ತದಾ, ಜಾಸ್ತಿಯಾಗುತ್ತದಾ? ಪಿಕಪ್ ಸ್ವಿಚ್ಚನ್ನು ಎರಡನೇ ಅಥವಾ ನಾಲ್ಕನೇ ಜಾಗಕ್ಕೆ ಇಟ್ಟರೆ ಹಮ್ ಏನಾಗುತ್ತದೆ? ಪೆಡಲ್‌ಗೆ 9 ವೋಲ್ಟ್ ಬ್ಯಾಟರಿ ಹಾಕುವ ಜಾಗ ಇದೆಯಾ?

ಬಿಎಚ್‌ರೋಡ್_ಬ್ಲೂಸ್:

ಪಿನ್ ತೆಗೆದಿಲ್ಲ ಅಣ್ಣ, ತೆಗೆಯುವುದೂ ಇಲ್ಲ.

ಅಡಾಪ್ಟರ್ ಮೇಲೆ 9 ವೋಲ್ಟ್, 1 ಆಂಪಿಯರ್, ಮಧ್ಯದಲ್ಲಿ ಮೈನಸ್ ಚಿಹ್ನೆ ಇದೆ. ಹಳೆಯದು, ಹಗುರವಾಗಿದೆ, ಯಾವುದರ ಜೊತೆ ಬಂದಿದ್ದು ಅಂತ ಗೊತ್ತಿಲ್ಲ. ತಂತಿ ಮುಟ್ಟಿದರೆ ಸದ್ದು ಕಡಿಮೆಯಾಗುತ್ತದೆ. ಎರಡು, ನಾಲ್ಕನೇ ಜಾಗದಲ್ಲಿ ಹಮ್ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ, ಇದು ನನಗೆ ಗೊತ್ತೇ ಇರಲಿಲ್ಲ! ಆದರೆ ಆ ಕೀರಲು ದನಿ ಹಾಗೇ ಇದೆ. ಮಿನಿ ಪೆಡಲ್‌ಗೆ ಬ್ಯಾಟರಿ ಜಾಗ ಇಲ್ಲ.

ಬೆಸುಗೆ_ಕಡ್ಡಿ:

ಹಾಗಾದರೆ ನಿಮಗೆ ಇರುವುದು ಒಂದು ಕಾಯಿಲೆ ಅಲ್ಲ, ನಾಲ್ಕು. ಹೊಸ ಪೆಡಲ್ ತಂದರೆ ಇದರಲ್ಲಿ ಒಂದು ಸರಿಹೋದರೆ ಹೆಚ್ಚು.

ಗುಂಯ್ ಅನ್ನುವುದು ಪಿಕಪ್‌ದು. ಸಿಂಗಲ್ ಕಾಯಿಲ್ ಅಂದರೆ ಮ್ಯಾಗ್ನೆಟ್ ಸುತ್ತ ಸುತ್ತಿದ ತಾಮ್ರದ ತಂತಿ, ಅದು ಗೋಡೆಯೊಳಗಿನ ವೈರು, ಟ್ರಾನ್ಸ್‌ಫಾರ್ಮರ್, ಹಳೆ ಟ್ಯೂಬ್‌ಲೈಟ್ ಚೋಕ್ ಎಲ್ಲದರ 50 ಹರ್ಟ್ಸ್ ಸದ್ದನ್ನೂ ಹಿಡಿಯುತ್ತದೆ. ಎರಡು ಮತ್ತು ನಾಲ್ಕನೇ ಜಾಗದಲ್ಲಿ ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುತ್ತವೆ. ನಿಮ್ಮ ಗಿಟಾರಿನಲ್ಲಿ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿದ್ದಾರೆ, ಅದಕ್ಕೇ ಹಮ್ ಒಂದಕ್ಕೊಂದು ಕಳೆದುಹೋಗುತ್ತದೆ. ಇದು ದೋಷ ಅಲ್ಲ. ಆದರೆ ಗೇನ್ ಏರಿಸಿದಷ್ಟೂ ಆ ಹಮ್ ಕೂಡ ಏರುತ್ತದೆ, ಸಿಂಗಲ್ ಕಾಯಿಲ್‌ಗೆ ಎಂಟಿ-2 ಫುಲ್ ಗೇನ್ ಅನ್ನುವ ಸಲಹೆ ಅದಕ್ಕೇ ನನಗೆ ಹಿಡಿಸಲಿಲ್ಲ. ತಂತಿ ಮುಟ್ಟಿದರೆ ಕಡಿಮೆಯಾಗುವುದು ಒಳ್ಳೆಯ ಲಕ್ಷಣ, ಬ್ರಿಡ್ಜ್ ಗ್ರೌಂಡ್ ಸರಿಯಿದೆ ಅಂತ ಅರ್ಥ. ಮುಟ್ಟಿದಾಗ ಜಾಸ್ತಿಯಾಗಿದ್ದರೆ ಒಳಗಿನ ವೈರಿಂಗ್ ಬಿಚ್ಚಿ ನೋಡಬೇಕಿತ್ತು.

ಕೀರಲು ದನಿ ಬಹುಪಾಲು ಅಡಾಪ್ಟರ್‌ದು. ಹಗುರ ಅಂದಿರಿ, ಹಾಗಾದರೆ ಸ್ವಿಚಿಂಗ್ ಮಾದರಿ. ಅಗ್ಗದವುಗಳಲ್ಲಿ ಫಿಲ್ಟರಿಂಗ್ ಸಾಲದು. ಪರೀಕ್ಷೆ ಸುಲಭ: ಗೆಳೆಯನ ಹಸಿರು ಪೆಡಲ್‌ಗೆ ಬ್ಯಾಟರಿ ಹಾಕಿ ಕೇಳಿ, ಆಮೇಲೆ ಅದಕ್ಕೇ ನಿಮ್ಮ ಅಡಾಪ್ಟರ್ ಹಾಕಿ ಕೇಳಿ. ಮಧ್ಯದಲ್ಲಿ ಮೈನಸ್ ಇರುವುದು ಸರಿ, ಪೆಡಲ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಅದೇ. ರೂಟರ್ ಅಡಾಪ್ಟರ್ ಪಿನ್ ಕೂತುಕೊಳ್ಳುತ್ತದೆ ಅಂತ ಹಾಕಲು ಹೋಗಬೇಡಿ, ಅವು ಜಾಸ್ತಿ 12 ವೋಲ್ಟ್, ಮಧ್ಯದಲ್ಲಿ ಪ್ಲಸ್. ಪೆಡಲ್ ಸುಟ್ಟು ಹೋಗಬಹುದು.

ಪೆಡಲ್ ಆಫ್ ಮಾಡಿದಾಗ ಮಂಕಾಗುವುದಕ್ಕೂ ಕಾರಣ ಇದೆ. ಮಿನಿ ಪೆಡಲ್‌ಗಳು ಸಾಮಾನ್ಯವಾಗಿ ಟ್ರೂ ಬೈಪಾಸ್. ಆಫ್ ಆದಾಗ ಪಿಕಪ್ ನೇರ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಸೇರುತ್ತದೆ. ಪಿಕಪ್‌ಗೆ ಬೇಕಾದ್ದು 1 ಮೆಗಾ ಓಮ್ ಸುಮಾರಿನ ತಡೆ (ಇಂಪೀಡೆನ್ಸ್) ಇರುವ ಇನ್‌ಪುಟ್, ಲೈನ್ ಇನ್‌ಪುಟ್‌ನಲ್ಲಿ ಇರುವುದು ಸಾಮಾನ್ಯವಾಗಿ ಕೆಲವೇ ಹತ್ತು ಕಿಲೋ ಓಮ್. ಟ್ರೆಬಲ್ ಅಲ್ಲೇ ಸತ್ತುಹೋಗುತ್ತದೆ. ಬಫರ್ (ಸಿಗ್ನಲ್ ಸೊರಗದಂತೆ ಮುಂದೆ ಕಳಿಸುವ ಸರ್ಕ್ಯೂಟ್) ಇರುವ ಪೆಡಲ್ ಒಂದು ಸಾಲಿನಲ್ಲಿದ್ದರೆ, ಬಾಸ್ ಕಂಪನಿಯ ಚಿಕ್ಕ ಪೆಡಲ್‌ಗಳೆಲ್ಲ ಹೆಚ್ಚುಕಡಿಮೆ ಹಾಗೇ, ಆಫ್ ಇದ್ದಾಗಲೂ ಈ ತೊಂದರೆ ಬರುವುದಿಲ್ಲ. ಗಿಟಾರನ್ನು ಮಿಕ್ಸರ್‌ಗೆ ಹೊಂದಿಸುವ ಡಿಐ ಬಾಕ್ಸ್ ಹಾಕಿದರೂ ಆಯಿತು.

ಇನ್ನು ಜೀರುಂಡೆ. ಇದೇ ಮುಖ್ಯ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋ ಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಹೆಚ್ಚು ಹೊರಗೆ ಬಿಡುವುದಿಲ್ಲ. ಪಿಎ ಸ್ಪೀಕರ್‌ನಲ್ಲಿ ಟ್ವೀಟರ್ ಇದೆ, ಅದು 15 ಕಿಲೋ ಹರ್ಟ್ಸ್‌ವರೆಗೂ ಎಲ್ಲವನ್ನೂ ತೋರಿಸುತ್ತದೆ. ಡಿಸ್ಟಾರ್ಷನ್ ಅಂದರೆ ಅಲೆಯ ತಲೆಯನ್ನು ಕತ್ತರಿಸುವುದು, ಕತ್ತರಿಸಿದ ಕಡೆ ಹೊಸ ಹಾರ್ಮೋನಿಕ್ಸ್ ಹುಟ್ಟುತ್ತವೆ, ಅವು ಮೇಲೆ ಮೇಲೆ ಹೋಗುತ್ತವೆ. ಗಿಟಾರ್ ಸ್ಪೀಕರ್ ಅವನ್ನು ನುಂಗುತ್ತಿತ್ತು. ಪಿಎ ನುಂಗುವುದಿಲ್ಲ. ಹಾಗಾಗಿ 3 ಸಾವಿರದ ಪೆಡಲ್ ಇರಲಿ 30 ಸಾವಿರದ ಪೆಡಲ್ ಇರಲಿ, ನೇರ ಮಿಕ್ಸರ್‌ಗೆ ಹಾಕಿದರೆ ಜೀರುಂಡೆಯೇ. ನಡುವೆ ಕ್ಯಾಬಿನೆಟ್ ಸಿಮ್ಯುಲೇಷನ್, ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ನಕಲು, ಬೇಕು.

ಕೋಲಾರದ_ಬೇಸ್:

ಬೇಸ್ ನುಡಿಸುವವನ ಕಡೆಯಿಂದ ಒಂದು ಮಾತು. ಮಿಡ್ ಸೊನ್ನೆ ಇಟ್ಟ ಗಿಟಾರು ಬೆಡ್‌ರೂಮಿನಲ್ಲಿ ಚೆನ್ನಾಗಿ ಕೇಳುತ್ತದೆ, ಬ್ಯಾಂಡಿನಲ್ಲಿ ಕಳೆದುಹೋಗುತ್ತದೆ. ಕೆಳಗೆ ನಾನು ಇದ್ದೇನೆ, ಕಿಕ್ ಡ್ರಮ್ ಇದೆ, ಮೇಲೆ ಸಿಂಬಲ್ಸ್ ಇದೆ, ಗಿಟಾರಿಗೆ ಉಳಿಯುವುದು ನಡುವಿನ ಜಾಗ ಮಾತ್ರ. ಆ ಜಾಗವನ್ನೇ ತೆಗೆದರೆ ಇನ್ನೇನು ಉಳಿಯಿತು? ಆಮೇಲೆ ಅವರು ವಾಲ್ಯೂಮ್ ಏರಿಸುತ್ತಾರೆ, ಕೀಬೋರ್ಡ್‌ನವರು ಏರಿಸುತ್ತಾರೆ, ಹಾಡುವ ಅಕ್ಕನಿಗೆ ತಮ್ಮ ದನಿಯೇ ಕೇಳಿಸುವುದಿಲ್ಲ. ಪ್ರತಿ ಪ್ರೋಗ್ರಾಂನಲ್ಲೂ ಇದೇ ಜಗಳ.

ಶಿರಾಗೇಟ್_ಶ್ರೆಡ್ಡರ್:

ಮೆಟಲ್‌ಗೆ ಅದೇ ಸೌಂಡ್ ಬೇಕು ಅಲ್ವಾ? ಎಂಟಿ-2 ಕೆಟ್ಟ ಪೆಡಲ್ ಅಂತ ಸುಮ್ನೆ ಎಲ್ಲರೂ ಬೈಯುತ್ತಾರೆ.

ಬೆಸುಗೆ_ಕಡ್ಡಿ:

ಕೆಟ್ಟದ್ದು ಅಂತ ನಾನು ಹೇಳಿಲ್ಲ. 1991ರಿಂದ ಬರುತ್ತಿರುವ ಪೆಡಲ್, ಅದರ ಮಿಡ್‌ಗೆ ಫ್ರೀಕ್ವೆನ್ಸಿ ಆರಿಸುವ ನಾಬ್ ಬೇರೆ ಇದೆ, ಅಷ್ಟು ಸೌಲಭ್ಯ ಎಷ್ಟೋ ಪೆಡಲ್‌ಗಳಲ್ಲಿ ಇಲ್ಲ. ಗೇನ್ ಅರ್ಧಕ್ಕೆ ಇಳಿಸಿ, ಮಿಡ್ ಸ್ವಲ್ಪ ಮೇಲೆ ಇಟ್ಟು ನೋಡಿ, ಬೇರೆ ಪೆಡಲ್ ಅನ್ನಿಸುತ್ತದೆ. ಆದರೆ ಇವರು ನುಡಿಸುವುದು ಸಿನಿಮಾ ಹಾಡು.

ಟ್ಯೂಬ್ ಸ್ಕ್ರೀಮರ್ ಯಾಕೆ ಮೂಗಿನ ದನಿ ಅಂದರೆ, ಅದನ್ನು ಮಾಡಿರುವುದೇ ಹಾಗೆ. ಅದರ ಕ್ಲಿಪ್ಪಿಂಗ್ (ಅಲೆ ಕತ್ತರಿಸುವ) ಭಾಗದಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಗೇನ್ ಕಡಿಮೆ, ಮೇಲಿನ ಟ್ರೆಬಲ್ಲನ್ನೂ ಸೋಸುತ್ತದೆ, ಉಳಿದದ್ದು ಮಿಡ್. ಕತ್ತರಿಸುವ ಡಯೋಡ್‌ಗಳು ಸಿಗ್ನಲ್ ಹಿಗ್ಗಿಸುವ ಚಿಪ್ಪಾದ ಆಪ್‌ಆಂಪ್‌ನ ಫೀಡ್‌ಬ್ಯಾಕ್‌ನಲ್ಲಿ ಕೂತಿರುವುದರಿಂದ ಕತ್ತರಿಸುವುದೂ ಮೆತ್ತಗೆ. ಅದನ್ನು ಇಷ್ಟಪಡುವವರು ಬಹಳಷ್ಟು ಮಂದಿ ಬಿಸಿಯಾದ ವಾಲ್ವ್ (ಗಾಜಿನ ಕೊಳವೆಯ) ಆಂಪ್ ಮುಂದೆ ಇಟ್ಟು, ಡ್ರೈವ್ ಕಡಿಮೆ, ಲೆವೆಲ್ ಜಾಸ್ತಿ ಮಾಡಿ, ಆಂಪನ್ನೇ ತಳ್ಳುತ್ತಾರೆ. ಅರ್ಧ ಸೌಂಡು ಆ ವಾಲ್ವ್‌ನದು. ನಿಮ್ಮ 15 ವ್ಯಾಟ್ ಟ್ರಾನ್ಸಿಸ್ಟರ್ ಆಂಪ್‌ನ ಚಿಕ್ಕ ಸ್ಪೀಕರ್‌ನಲ್ಲಿ ಮೊದಲೇ ಕೆಳಗಿನ ಸದ್ದು ಕಡಿಮೆ, ಅದರ ಮೇಲೆ ಇದು ಇನ್ನಷ್ಟು ಕಡಿಮೆ ಮಾಡಿದರೆ ತೆಳ್ಳಗಾಗದೆ ಇನ್ನೇನು? ಅದೇ ಪೆಡಲ್ ಬೇಸು, ಕೀಬೋರ್ಡು, ಡ್ರಮ್ಸ್ ನಡುವೆ ಹಾಕಿ ನೋಡಿ, ಸರಿಯಾಗಿ ಎದ್ದು ಕೇಳುತ್ತದೆ. ಕೋಲಾರದವರು ಹೇಳಿದ ಜಾಗ ಅದೇ.

ಬಾಸ್ ಎಸ್‌ಡಿ-1, ಆ ಹಳದಿ ಪೆಡಲ್, 1981ರದು, ಇದೇ ಜಾತಿ. ಅದರಲ್ಲಿ ಅಲೆಯ ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು, ಹಾಗಾಗಿ ಕತ್ತರಿಸುವುದು ಎರಡೂ ಕಡೆ ಸಮ ಅಲ್ಲ. ಕಿವಿಗೆ ಸ್ವಲ್ಪ ಒರಟು. ಡಿಎಸ್-1, 1978ರ ಕಿತ್ತಳೆ ಪೆಡಲ್, ಬೇರೆ ಜಾತಿ: ಡಯೋಡ್‌ಗಳು ಸಿಗ್ನಲ್ಲನ್ನು ನೇರ ಗ್ರೌಂಡ್‌ಗೆ ಕತ್ತರಿಸುತ್ತವೆ, ಕತ್ತರಿ ಗಟ್ಟಿ, ಟೋನ್ ನಾಬ್ ನಡುವಿನ ಮಿಡ್ಡನ್ನು ಕಡಿಮೆ ಮಾಡುತ್ತದೆ. ಟೋನ್ ನಾಬನ್ನು ಗಡಿಯಾರದ ಮುಳ್ಳಿನ ಹಾಗೆ 9 ಗಂಟೆ ಜಾಗ ದಾಟಿಸಿದರೆ ಸ್ಟ್ರಾಟ್‌ನ ಬ್ರಿಡ್ಜ್ ಪಿಕಪ್‌ನಲ್ಲಿ ಕಿವಿ ಹರಿಯುತ್ತದೆ. ನನ್ನ ಮೆಚ್ಚಿನದು ಪ್ರೋಕೋ ಕಂಪನಿಯ ಡಿಸ್ಟಾರ್ಷನ್ ಪೆಡಲ್ ರ‍್ಯಾಟ್. ಗೇನ್ ಕಡಿಮೆ ಇಟ್ಟರೆ ಓವರ್‌ಡ್ರೈವ್, ಪೂರ್ತಿ ಏರಿಸಿದರೆ ಫಝ್ (ಇನ್ನೂ ಹರಿದ ಸದ್ದು) ಹತ್ತಿರ. ಆದರೆ ಅದರ ಫಿಲ್ಟರ್ ನಾಬ್ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಕಡಿಮೆ. ಅಂಗಡಿಯಲ್ಲಿ ನೋಡುವಾಗ ಇದು ಗೊತ್ತಿಲ್ಲದೆ ಕೈಬಿಟ್ಟವರು ಎಷ್ಟೋ.

ಮನೆಯ ಆಂಪ್‌ಗೆ ಮಾತ್ರ ಅಂದಿದ್ದರೆ ರ‍್ಯಾಟ್ ಅನ್ನುತ್ತಿದ್ದೆ. ನಿಮಗೆ ಹಬ್ಬದಲ್ಲಿ ಮಿಕ್ಸರ್‌ಗೇ ಹೋಗಬೇಕು. ಹಾಗಾಗಿ ಆ 6 ಸಾವಿರಕ್ಕೆ ಒಂದೇ ಒಂದು ಓವರ್‌ಡ್ರೈವ್ ತರುವುದು ನನಗೆ ಸರಿ ಕಾಣುವುದಿಲ್ಲ. ಆಂಪ್ ಮತ್ತು ಕ್ಯಾಬಿನೆಟ್ ಮಾಡೆಲ್ ಇರುವ ಚಿಕ್ಕ ಮಲ್ಟಿ ಎಫೆಕ್ಟ್ (ಹಲವು ಪೆಡಲ್ ಒಂದೇ ಡಬ್ಬಿಯಲ್ಲಿ) ತಗೊಳ್ಳಿ, ಹಳೆಯದಾದರೂ ಸರಿ. ಜೂಮ್ ಜಿ1 ಫೋರ್ ತರಹದ್ದು. ಅದು 4 ಪೆನ್ಸಿಲ್ ಸೆಲ್‌ನಲ್ಲೂ ನಡೆಯುತ್ತದೆ, ಅಡಾಪ್ಟರ್ ಕೀರಲು ದನಿಯ ಗೋಳೂ ತಪ್ಪುತ್ತದೆ. ಅದರೊಳಗೇ ಓವರ್‌ಡ್ರೈವ್, ಡಿಸ್ಟಾರ್ಷನ್ ಮಾದರಿಗಳೆಲ್ಲ ಇವೆ. ಹಬ್ಬ ಮುಗಿಯುವಷ್ಟರಲ್ಲಿ ನಿಮ್ಮ ಕೈ ಯಾವುದರ ಕಡೆಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ, ಆಗ ಅದರ ನಿಜವಾದ ಪೆಡಲ್ ತಗೊಳ್ಳಿ.

ಗುಬ್ಬಿ_ಗಿಟಾರ್:

ಬೆಂಗಳೂರಿಗೆ ಹೋಗಿ ನೋಡುವುದಾದರೆ ನಿಮ್ಮ ಗಿಟಾರನ್ನೇ ತಗೊಂಡು ಹೋಗಿ. ಅಂಗಡಿಯವರು ಹಂಬಕರ್ (ಹಮ್ ಕಳೆಯುವ ಎರಡು ಕಾಯಿಲ್ ಪಿಕಪ್) ಗಿಟಾರು, ದೊಡ್ಡ ಆಂಪು ಕೊಟ್ಟು ಕೇಳಿಸುತ್ತಾರೆ, ಎಲ್ಲ ಪೆಡಲ್ಲೂ ಸೂಪರ್ ಅನ್ನಿಸುತ್ತದೆ. ರೈಲಿನಲ್ಲಿ ಗಿಟಾರು ಹಿಡಿದು ನಿಲ್ಲುವುದು ಕಷ್ಟ, ನಿಜ. ಬೆಳಗಿನ ಆಫೀಸ್ ಗಾಡಿ ಮಾತ್ರ ಬೇಡ.

ಬಿಎಚ್‌ರೋಡ್_ಬ್ಲೂಸ್:

ಅಪ್‌ಡೇಟ್. ಹಸಿರು ಪೆಡಲ್‌ಗೆ ಬ್ಯಾಟರಿ ಹಾಕಿದೆ, ಕೀರಲು ದನಿ ಇಲ್ಲ. ಅಡಾಪ್ಟರ್ ಚುಚ್ಚಿದೆ, ಬಂತು. ಬೆಸುಗೆ ಅಣ್ಣ ಹೇಳಿದ್ದು ಸರಿ.

ಪರಿಚಯದವರ ಹತ್ತಿರ ಹಳೆ ಜಿ1 ಫೋರ್ ಸಿಕ್ಕಿತು, ಬಜೆಟ್ ಒಳಗೇ. ಪ್ರಾಕ್ಟೀಸ್ ರೂಮಿನ ಮಿಕ್ಸರ್‌ಗೆ ಹಾಕಿದರೆ ಮೊದಲ ಸಲ ಗಿಟಾರ್ ತರಹ ಕೇಳಿಸಿತು. ಹಾಡುವವರು ತಿರುಗಿ ನೋಡಿದರು. ಆದರೆ ಅದನ್ನೇ ಮನೆಯ ಆಂಪ್‌ಗೆ ಹಾಕಿದರೆ ಮಬ್ಬು ಮಬ್ಬು. ಇದೇನು?

ಬೆಸುಗೆ_ಕಡ್ಡಿ:

ಮನೆಯಲ್ಲಿ ಆಂಪ್‌ಗೆ ಅದರದೇ ಸ್ಪೀಕರ್ ಇದೆ, ಅದರ ಮೇಲೆ ಇನ್ನೊಂದು ಕ್ಯಾಬಿನೆಟ್ ಮಾಡೆಲ್ ಕೂತಿದೆ, ಟ್ರೆಬಲ್ ಎರಡು ಸಲ ಸೋಸಿಹೋಗುತ್ತಿದೆ. ಮನೆಗೆ ಒಂದು ಪ್ಯಾಚ್ (ಉಳಿಸಿಟ್ಟ ಸೆಟ್ಟಿಂಗ್) ಬೇರೆ ಮಾಡಿ, ಅದರಲ್ಲಿ ಆಂಪ್, ಕ್ಯಾಬಿನೆಟ್ ಎರಡನ್ನೂ ಆಫ್ ಮಾಡಿ. ಆಂಪ್‌ನ ಕ್ಲೀನ್ ಚಾನೆಲ್ಲಿಗೇ ಹಾಕಿ. ಡ್ರೈವ್ 10 ಗಂಟೆ ಜಾಗದಲ್ಲಿ ಸಾಕು, ಇನ್ನೂ ಬೇಕಾದರೆ ಗಿಟಾರಿನ ವಾಲ್ಯೂಮ್ ಪೂರ್ತಿ ತೆರೆಯಿರಿ, ಬೇಡವಾದಾಗ 6ಕ್ಕೆ ಇಳಿಸಿ, ಅಲ್ಲೇ ಹೆಚ್ಚುಕಮ್ಮಿ ಕ್ಲೀನ್ ಆಗುತ್ತದೆ. ಪಲ್ಲವಿಗೆ ಕ್ಲೀನು, ಸೋಲೋಗೆ ಡ್ರೈವು, ಕಾಲು ಎತ್ತುವ ಕೆಲಸವೇ ಇಲ್ಲ.

ಹಬ್ಬಕ್ಕೆ ಹೊಸ ಸೆಲ್ ಹಾಕಿಕೊಂಡು ಹೋಗಿ, ಜೇಬಿನಲ್ಲಿ ಇನ್ನೊಂದು ಸೆಟ್ ಇರಲಿ.

ಗುಬ್ಬಿ_ಗಿಟಾರ್:

ಹಾಗಾದರೆ ಆ ಮಿನಿ ಡಿಸ್ಟಾರ್ಷನ್ ಈಗ ನಿಮಗೆ ಬೇಡ ಅಲ್ವಾ? ನನಗೆ ಕೊಡುತ್ತೀರಾ? ನನ್ನ ಹತ್ತಿರ ಗಿಟಾರ್ ಆಂಪೇ ಇರುವುದು. ಭಾನುವಾರ ಬಂದು ತಗೊಂಡು ಹೋಗುತ್ತೇನೆ.

ಬಿಎಚ್‌ರೋಡ್_ಬ್ಲೂಸ್:

ಬನ್ನಿ, ಕೊಡೋಣ. ಅಡಾಪ್ಟರ್ ಮಾತ್ರ ನಿಮ್ಮದೇ ತನ್ನಿ.